ಮುಳ್ಳುಕಾಡಿನ ದೊರೆ: ‘ಮಧುರಾ ವಿಜಯಂ’ ಕಾವ್ಯದ ಕಂಪಣನೂ ಕಲ್ಲಿನ ಕಂಪಣನೂ

ಗಂಗಾದೇವಿಯ ‘ಮಧುರಾ ವಿಜಯಂ’ ಕಾವ್ಯದಲ್ಲಿ ನಮ್ಮ ಸೀಮೆಗೆ ಸಿಕ್ಕಿರುವುದು ಒಂದು ಹೆಸರು, ಅಷ್ಟೆ. ಕಂಟಕಾನನ. ಕುಮಾರ ಕಂಪಣ ವಿಜಯನಗರದಿಂದ ದಂಡು ಕಟ್ಟಿಕೊಂಡು ಹೊರಡುತ್ತಾನೆ, ಐದಾರು ದಿನದಲ್ಲಿ ಕರ್ನಾಟ ದೇಶ ದಾಟುತ್ತಾನೆ, ಕಂಟಕಾನನ ಸೇರುತ್ತಾನೆ, ಅಲ್ಲಿಂದ ಪಾಲಾರ್ ನದಿಯ ದಂಡೆಯ ವಿರಿಂಚಿಪುರದ ಕಡೆ ಇಳಿಯುತ್ತಾನೆ. ಕಂಟಕಾನನ ಅಂದರೆ ಮುಳ್ಳುಕಾಡು. ಶಾಸನಗಳಲ್ಲಿ ಮುಳುವಾಯಿ, ಈಗಿನ ಮುಳಬಾಗಿಲು. ಊರಿನವರನ್ನು ಕೇಳಿದರೆ ಹೆಸರನ್ನು ‘ಮೂಡಲ ಬಾಗಿಲು’ ಎಂದು ಬಿಡಿಸುತ್ತಾರೆ. ಕವಯಿತ್ರಿಯ ಕಿವಿಗೆ ಅದರಲ್ಲಿ ಕೇಳಿಸಿದ್ದು ಮುಳ್ಳು. ಗೌನಿಪಲ್ಲಿಯಲ್ಲಿ ಕೂತು ಈ ಕಾವ್ಯ ಓದುವ ನನಗೆ ಮೊದಲು ಚುಚ್ಚಿದ್ದೂ ಅದೇ. ಕಂಪಣ ಆಳಿದ್ದು ಮುಳುವಾಯಿ ರಾಜ್ಯವನ್ನು. ಅವನ ರಾಣಿ ಬರೆದ ಕಾವ್ಯ ಆ ಊರನ್ನು ಒಂದೇ ಉಸಿರಿನಲ್ಲಿ ದಾಟಿಹೋಗುತ್ತದೆ.

ದೊರೆಯ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕಂಪಣ ಒಂದನೆಯ ಬುಕ್ಕರಾಯ ಮತ್ತು ದೇವಾಯಿಯ ಮಗ. ಇದೇ ಹೆಸರಿನ ದೊಡ್ಡಪ್ಪ ಒಬ್ಬ ಉದಯಗಿರಿಯಲ್ಲಿ ಆಳಿದ್ದರಿಂದ ಇವನನ್ನು ಕುಮಾರ ಕಂಪಣ ಎನ್ನುವುದು ರೂಢಿ. ತಂದೆಯ ಅಧೀನದಲ್ಲಿ ಮುಳುವಾಯಿಯಲ್ಲಿ ಮಂಡಲೇಶ್ವರನಾಗಿದ್ದ. 1360ರ ದಶಕದಲ್ಲಿ ತೊಂಡೈಮಂಡಲದ ಶಂಬುವರಾಯರನ್ನು ಗೆದ್ದು ಕಾಂಚಿಯವರೆಗೆ ಹಿಡಿತ ಸಾಧಿಸಿದ. 1371ರ ಹೊತ್ತಿಗೆ ಅವನ ಪಡೆಗಳು ಮಧುರೆಯ ಸುಲ್ತಾನರನ್ನು ಸೋಲಿಸಿ ಶ್ರೀರಂಗದವರೆಗಿನ ನಾಡನ್ನು ತಿರುಗಿ ಪಡೆದಿದ್ದವು. 1374ರ ಸುಮಾರಿಗೆ ತೀರಿಕೊಂಡ. ತಂದೆ ಇನ್ನೂ ಬದುಕಿದ್ದ. 1377ರಲ್ಲಿ ಬುಕ್ಕ ಸತ್ತಾಗ ಪಟ್ಟ ಹೋದದ್ದು ಇನ್ನೊಬ್ಬ ಮಗ ಎರಡನೆಯ ಹರಿಹರನಿಗೆ. ಹಾಗಾಗಿ ವಿಜಯನಗರದ ಅರಸರ ಪಟ್ಟಿಯಲ್ಲಿ ಕಂಪಣನ ಹೆಸರಿಲ್ಲ. ಪರೀಕ್ಷೆಗೆ ಓದುವವರು ಅವನನ್ನು ದಾಟಿಕೊಂಡೇ ಹೋಗುತ್ತಾರೆ.

ಕಾವ್ಯವೂ ಹೆಚ್ಚುಕಡಿಮೆ ಹಾಗೆಯೇ ಕಳೆದುಹೋಗಿತ್ತು. 1916ರಲ್ಲಿ ತಿರುವನಂತಪುರದ ಒಂದು ಖಾಸಗಿ ಗ್ರಂಥಭಂಡಾರದಲ್ಲಿ, ಸಂಬಂಧವೇ ಇಲ್ಲದ ಎರಡು ಕೃತಿಗಳ ನಡುವೆ ಸಿಕ್ಕಿಕೊಂಡ ಓಲೆಗರಿಯ ಪ್ರತಿಯಾಗಿ ಅದು ಕಣ್ಣಿಗೆ ಬಿತ್ತು. ಒಂದೇ ಪ್ರತಿ, ಅಲ್ಲಲ್ಲಿ ಹುಳು ತಿಂದದ್ದು, ಕೊನೆಯ ಭಾಗದಲ್ಲಿ ಗರಿಗಳೇ ಇಲ್ಲ. ‘ವೀರಕಂಪರಾಯ ಚರಿತಂ’ ಎಂಬುದು ಅದರ ಇನ್ನೊಂದು ಹೆಸರು. 1957ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯದಿಂದ ತಿರುವೆಂಕಟಾಚಾರಿ ಅವರ ಇಂಗ್ಲಿಷ್ ಅನುವಾದ ಬಂತು. ಇತಿಹಾಸದವರು ಅದನ್ನು ದಾಖಲೆಯಾಗಿ ಬಳಸಿದ್ದಾರೆ. ಈಚೆಗೆ ಭಾಷಣಕಾರರೂ ಬಳಸುತ್ತಿದ್ದಾರೆ. ವಾಟ್ಸಾಪಿನಲ್ಲಿ ಬರುವ ಕಂಪಣ ಕುದುರೆ ಮೇಲೆ ಕತ್ತಿ ಹಿಡಿದಿರುತ್ತಾನೆ, ಅವನ ಕೆಳಗೆ ಇವತ್ತಿನ ಯಾವುದೋ ಜಗಳಕ್ಕೆ ಬೇಕಾದ ಎರಡು ಸಾಲು ಇರುತ್ತದೆ. ಇದಕ್ಕೆ ಬೇಸತ್ತ ನನ್ನ ಗೆಳೆಯರು ಇನ್ನೊಂದು ತುದಿಗೆ ಹೋಗಿ, ಇದೆಲ್ಲ ಆಸ್ಥಾನದ ಕವಿಸಮಯ, ಹೊಗಳಿಕೆಯ ಸರಕು, ಓದುವಂಥದ್ದೇನೂ ಇಲ್ಲ ಎನ್ನುತ್ತಾರೆ. ಇಬ್ಬರೂ ಕಾವ್ಯವನ್ನು ಓದಿಲ್ಲ ಎಂಬುದು ನನ್ನ ತಕರಾರು. ಓದಿದರೆ, ಗಂಗಾದೇವಿ ಗೆಲುವಿನ ಕವಿಯಾಗಿ ಸಾಧಾರಣ, ನಷ್ಟದ ಕವಿಯಾಗಿ ದೊಡ್ಡವಳು ಎಂಬುದು ಗೊತ್ತಾಗುತ್ತದೆ. ಅವಳ ನಾಯಕನಿಗಿಂತ ನಮ್ಮ ಸುತ್ತಲಿನ ಕಲ್ಲುಗಳಲ್ಲಿರುವ ಕಂಪಣ ಹೆಚ್ಚು ಕುತೂಹಲದ ಮನುಷ್ಯ ಎಂಬುದೂ ಗೊತ್ತಾಗುತ್ತದೆ.

ಇದನ್ನು ಯೋಚಿಸುವಾಗಲೆಲ್ಲ ನನಗೆ ಇಗೊರ್ ನೆನಪಾಗುತ್ತಾನೆ. ಸ್ಲಾವ್ ನಾಡಿನ ನೊವ್ಗೊರೊದ್-ಸೆವೆರ್ಸ್ಕಿ ಎಂಬ ಸಣ್ಣ ಸಂಸ್ಥಾನದ ದೊರೆ. ಆ ಊರು ಈಗ ಉಕ್ರೇನಿನಲ್ಲಿದೆ. 1185ರಲ್ಲಿ, ಕೀವ್‌ನ ಹಿರಿಯ ದೊರೆಗೆ ಹೇಳದೆ ಕೇಳದೆ, ಸೂರ್ಯಗ್ರಹಣದ ಅಪಶಕುನವನ್ನೂ ಲೆಕ್ಕಿಸದೆ, ಹುಲ್ಲುಗಾವಲಿನ ಪೊಲೊವ್ತ್ಸಿ ಜನರ ಮೇಲೆ ದಂಡೆತ್ತಿ ಹೋದ. ಹೀನಾಯವಾಗಿ ಸೋತು ಸೆರೆಸಿಕ್ಕಿದ, ಆಮೇಲೆ ತಪ್ಪಿಸಿಕೊಂಡು ಬಂದ. ಇಷ್ಟೇ ಅವನ ಖ್ಯಾತಿ. ಆದರೆ ಅವನ ಸೋಲಿನ ಮೇಲೆ ಹೆಸರು ತಿಳಿಯದ ಯಾರೋ ಬರೆದ ‘ಇಗೊರನ ದಂಡಯಾತ್ರೆಯ ಕಥನ’ ಹಳೆಯ ಸ್ಲಾವ್ ಸಾಹಿತ್ಯದ ಮುಕುಟದಂತಿದೆ. ಅದೂ ಒಂದೇ ಪ್ರತಿಯಲ್ಲಿ ಉಳಿದಿತ್ತು. 1800ರಲ್ಲಿ ಅಚ್ಚಾಯಿತು, 1812ರ ಮಾಸ್ಕೋ ಬೆಂಕಿಯಲ್ಲಿ ಮೂಲ ಪ್ರತಿ ಸುಟ್ಟುಹೋಯಿತು. ಅದರಲ್ಲಿ ಎಲ್ಲರ ನಾಲಿಗೆಯ ಮೇಲಿರುವ ಭಾಗ ಯುದ್ಧದ್ದಲ್ಲ. ಇಗೊರನ ಹೆಂಡತಿ ಯಾರೊಸ್ಲಾವ್ನಾ ಪುತಿವ್ಲ್ ಕೋಟೆಯ ಗೋಡೆ ಮೇಲೆ ನಿಂತು ಗಾಳಿಯನ್ನು, ನೀಪರ್ ನದಿಯನ್ನು, ಸೂರ್ಯನನ್ನು ಕರೆದು ಗೋಳಿಡುವ ಭಾಗ. ಅಲ್ಲಿ ರಾಣಿ ಕಾವ್ಯದ ಒಳಗೆ ನಿಂತು ಅಳುತ್ತಾಳೆ. ಇಲ್ಲಿ ರಾಣಿಯೇ ಕವಿ. ಇವಳ ಗಂಡನಾದರೋ ಗೆದ್ದಿದ್ದಾನೆ, ಅಳಲು ಅವಳಿಗೆ ಸ್ವಂತ ಕಾರಣವಿಲ್ಲ. ಆದರೂ ಕಾವ್ಯಕ್ಕೆ ಜೀವ ಬರುವುದು ಅಳುವಿನ ಜಾಗದಲ್ಲಿಯೇ.

ಮೊದಲ ಸರ್ಗಗಳು ಮಹಾಕಾವ್ಯದ ಪಾಠಪಟ್ಟಿಯಂತೆ ಸಾಗುತ್ತವೆ. ಬುಕ್ಕನ ವರ್ಣನೆ, ನಗರದ ವರ್ಣನೆ, ಗರ್ಭ, ಜನನ, ಬಾಲ್ಯ. ಮೂರನೆಯದರಲ್ಲಿ ತಂದೆ ಮಗನಿಗೆ ರಾಜನೀತಿ ಹೇಳಿ, ಮೊದಲು ಚಂಪರಾಯನನ್ನು ಆಮೇಲೆ ತುರುಷ್ಕನನ್ನು ಗೆಲ್ಲು ಎಂದು ಕಳಿಸುತ್ತಾನೆ. ಚಂಪ ಅಂದರೆ ಶಂಬುವರಾಯ. ನಾಲ್ಕರಲ್ಲಿ ಯುದ್ಧ, ರಾಜಗಂಭೀರ ದುರ್ಗದಲ್ಲಿ ಕಂಪಣ ಚಂಪನನ್ನು ದ್ವಂದ್ವದಲ್ಲಿ ಕೊಲ್ಲುತ್ತಾನೆ. ಐದು ಆರರಲ್ಲಿ ಕಾಂಚಿಯ ಆಳ್ವಿಕೆ, ಋತುಗಳು, ಜಲಕ್ರೀಡೆ. ಭಾಷೆ ತಿಳಿಯಾಗಿದೆ, ಕಾಳಿದಾಸನ ಶಾಲೆಯಲ್ಲಿ ಚೆನ್ನಾಗಿ ಕಲಿತ ಕೈ. ಆದರೆ ಕಂಪಣನ ಹೆಸರು ತೆಗೆದು ಬೇರೆ ರಾಜಕುಮಾರನ ಹೆಸರಿಟ್ಟರೆ ಹೆಚ್ಚೇನೂ ಬದಲಾಗದು. ಏಳನೆಯ ಸರ್ಗದಲ್ಲಿ ಮಾತ್ರ ಒಂದು ಚೆಂದದ ಗಳಿಗೆ ಬರುತ್ತದೆ. ಸಂಜೆ ಕವಿದು ಚಂದ್ರ ಮೂಡುವಾಗ ಅರಸ ಪಕ್ಕದಲ್ಲಿರುವ ಗಂಗಾದೇವಿಗೇ ಇದನ್ನು ವರ್ಣಿಸು ಎನ್ನುತ್ತಾನೆ. ಕವಿ ತನ್ನ ಕಾವ್ಯದೊಳಗೆ ಪಾತ್ರವಾಗಿ ಬಂದು ಪದ್ಯ ಹೇಳುತ್ತಾಳೆ. ಅರಸನ ಬಗ್ಗೆ ಕಾವ್ಯ ನಮಗೆ ಕೊಡುವ ನಂಬಬಹುದಾದ ಒಂದೇ ಖಾಸಗಿ ವಿವರ ಇದು: ಹೆಂಡತಿಯ ಮಾತು ಕೇಳಲು ಅವನಿಗೆ ಇಷ್ಟವಿತ್ತು.

ಎಂಟನೆಯದಕ್ಕೆ ಬಂದರೆ ನೆಲವೇ ಬೇರೆ. ಒಬ್ಬ ಹೆಂಗಸು ಕಂಪಣನ ಮುಂದೆ ಬಂದು ತೆಂಕಣ ನಾಡಿನ ಪಾಡನ್ನು ಹೇಳುತ್ತಾಳೆ. ಶ್ರೀರಂಗದಲ್ಲಿ ಗುಡಿಯ ಇಟ್ಟಿಗೆಗಳು ಒಂದೊಂದಾಗಿ ಉದುರುತ್ತಿವೆ. ಮಲಗಿರುವ ವಿಷ್ಣುವಿನ ನಿದ್ದೆ ಕೆಡದಿರಲೆಂದು ಆದಿಶೇಷ ಹೆಡೆಯಿಂದ ಅವನ್ನು ತಡೆಯುತ್ತಿದ್ದಾನೆ. ಮೃದಂಗ ಕೇಳುತ್ತಿದ್ದ ಗುಡಿಗಳಲ್ಲಿ ನರಿ ಊಳಿಡುತ್ತಿದೆ. ಮಧುರೆಯ ತೋಟದಲ್ಲಿ ತೆಂಗಿನಮರ ಕಡಿದು ಆ ಜಾಗದಲ್ಲಿ ಶೂಲಗಳನ್ನು ನೆಟ್ಟಿದ್ದಾರೆ, ಎಳನೀರಿನ ಗೊನೆಯ ಬದಲು ತಲೆಬುರುಡೆ ತೂಗುತ್ತಿವೆ. ಇಲ್ಲಿ ಅಲಂಕಾರಕ್ಕೆಂದು ಅಲಂಕಾರವಿಲ್ಲ. ಇಟ್ಟಿಗೆಗೆ ಹೆಡೆ ಒಡ್ಡುವ ಹಾವು ನಮಗೆ ಮಳೆಗಾಲದಲ್ಲಿ ಸೋರುವ ಮನೆಯ ಹಾಸಿಗೆ ಪಕ್ಕ ಪಾತ್ರೆ ಇಟ್ಟು ಕಾಯುವವರ ಹಾಗೆ ಕಾಣುತ್ತದೆ.

ಈ ಭಾಗದ ಚೌಕಟ್ಟು ಅವಳ ಸ್ವಂತದ್ದಲ್ಲ. ‘ರಘುವಂಶ’ದ ಹದಿನಾರನೆಯ ಸರ್ಗದಲ್ಲಿ ಅಯೋಧ್ಯೆಯ ನಗರದೇವತೆ ರಾತ್ರಿ ಹೆಣ್ಣಾಗಿ ಕುಶನ ಕೋಣೆಗೆ ಬಂದು ಹಾಳುಬಿದ್ದ ಊರಿನ ಕಥೆ ಹೇಳುತ್ತಾಳೆ. ‘ಕವಿಸಮಯ’ ಎನ್ನುವ ನನ್ನ ಗೆಳೆಯರಿಗೆ ಇದು ಸಾಕ್ಷಿ. ಆದರೆ ವ್ಯತ್ಯಾಸ ನೋಡಿ. ಕಾಳಿದಾಸನ ಅಯೋಧ್ಯೆ ಹಾಳಾದದ್ದು ರಾಮ ಹೊರಟುಹೋದದ್ದರಿಂದ. ಅಲ್ಲಿ ತಪ್ಪಿತಸ್ಥರಿಲ್ಲ, ಊರು ಖಾಲಿ, ಕಾಡು ಒಳಗೆ ಬಂದಿದೆ. ಗಂಗಾದೇವಿಯ ಮಧುರೆ ಖಾಲಿಯಿಲ್ಲ. ಅಲ್ಲಿ ಜನ ಇದ್ದಾರೆ, ಬೇರೆ ಜನ. ಹಳೆಯ ಅಚ್ಚಿನಲ್ಲಿ ಇದನ್ನು ಎರಕ ಹೊಯ್ಯಲು ಹೋದಾಗ ಎರಡು ಬಗೆಯ ಪದ್ಯಗಳು ಹುಟ್ಟಿವೆ. ಒಂದು ಬಗೆಯವು ತುರುಷ್ಕರ ಗಡ್ಡ, ಹೆಂಡದ ವಾಸನೆ, ಕೆಂಪು ಕಣ್ಣು ಎಂದು ಬಯ್ಯುವವು. ಅವು ಕಾವ್ಯವಾಗಿ ಕೆಟ್ಟವು. ಬೈಗುಳದ ಸಿದ್ಧ ಸರಕು. ಇನ್ನೊಂದು ಬಗೆಯದರಲ್ಲಿ ಒಂದು ಗಿಳಿ ಇದೆ. ಹಾಳು ತೋಟದಲ್ಲಿ ಗೂಬೆ ಕೂಗುವುದು ಕೇಳಿದರೆ ಆಗುವ ನೋವಿಗಿಂತ, ಮನೆಗಳಲ್ಲಿ ಸಾಕಿದ ಗಿಳಿಗಳು ಪಾರಸಿ ಮಾತಾಡುವುದು ಕೇಳಿದಾಗ ಹೆಚ್ಚು ನೋವಾಗುತ್ತದೆ ಎಂಬರ್ಥದ ಮಾತು ಅದು. ಗಿಳಿ ಯಾರಿಗೂ ಕೇಡು ಮಾಡಿಲ್ಲ. ಕಲಿಸಿದ್ದನ್ನು ಹೇಳುತ್ತದೆ. ಅದೇ ಭಯಂಕರ. ಶೂಲ, ಬುರುಡೆ ಒಂದು ಆಳ್ವಿಕೆಯೊಂದಿಗೆ ಹೋಗಿಬಿಡಬಹುದು, ಗಿಳಿಯ ಬಾಯಿಗೆ ಹತ್ತಿದ ಮಾತು ಹೋಗುವುದಿಲ್ಲ ಎಂಬುದು ಅವಳಿಗೆ ಹೊಳೆದಿದೆ.

ಅವಳ ಭಯ ನಿಜವೂ ಆಯಿತು, ಅವಳು ಊಹಿಸಿರದ ರೀತಿಯಲ್ಲಿ. ನಮ್ಮ ಶ್ರೀನಿವಾಸಪುರದ ತಾಲ್ಲೂಕು ಕಚೇರಿಯಲ್ಲಿ ಜಮೀನಿನ ದಾಖಲೆಗೆ ಒಂದು ಅರ್ಜಿ ಬರೆಯಬೇಕೆಂದರೆ ಆ ಗಿಳಿಯ ಪಾಠದ ನಾಲ್ಕು ಪದ ಬೇಕೇ ಬೇಕು; ಈ ವಾಕ್ಯದಲ್ಲೇ ನಾಲ್ಕು ಬಂದುಹೋದವು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಅದರ ಜೊತೆಗೆ ಉರ್ದು ಕೇಳಿ ಬೆಳೆದ ನಮ್ಮ ಗಡಿಯ ಕಿವಿಗೆ ಆ ಪದ್ಯದ ನೋವು ಅರ್ಥವಾಗುತ್ತದೆ, ಆದರೆ ಅದು ನಮ್ಮದಾಗುವುದಿಲ್ಲ. ಒಳ್ಳೆಯ ಪದ್ಯವನ್ನು ಹೀಗೂ ಓದಬಹುದು ಎಂದುಕೊಂಡಿದ್ದೇನೆ.

ಹಾಗಾದರೆ ಶೂಲಗಳು ಕಟ್ಟುಕಥೆಯೇ? ಅಲ್ಲ. ಇಬ್ನ್ ಬತೂತ 1340ರ ದಶಕದಲ್ಲಿ ಮಧುರೆಗೆ ಬಂದಿದ್ದ. ಆಗಿನ ಸುಲ್ತಾನ ಘಿಯಾಸುದ್ದೀನ್ ದಾಮ್ಘಾನಿ ಅವನಿಗೆ ಷಡ್ಡಕ. ಇಬ್ಬರೂ ಒಂದೇ ಮನೆಯ ಹೆಣ್ಣುಮಕ್ಕಳನ್ನು ಮದುವೆಯಾಗಿದ್ದರು. ಆ ಬತೂತನೇ ಬರೆಯುತ್ತಾನೆ: ಕಾಡಿನಲ್ಲಿ ಹಿಡಿದ ಜನರನ್ನು ಹೆಂಡತಿ ಮಕ್ಕಳ ಸಮೇತ ಶೂಲಕ್ಕೇರಿಸಿದ್ದನ್ನು ಕಂಡೆ, ಇಂಥ ಹೇಯ ಕೆಲಸವನ್ನು ಬೇರೆ ಯಾವ ಅರಸನೂ ಮಾಡಿದ್ದು ತಿಳಿಯೆ ಎಂದು. ನಮ್ಮ ಹೊಯ್ಸಳ ಮೂರನೆಯ ಬಲ್ಲಾಳನನ್ನು ಕೊಂದು, ಚರ್ಮ ಸುಲಿದು, ಹುಲ್ಲು ತುಂಬಿ ಮಧುರೆಯ ಗೋಡೆಗೆ ನೇತುಹಾಕಿದ್ದನ್ನು ಕಣ್ಣಾರೆ ಕಂಡವನೂ ಅವನೇ. ಮುಸ್ಲಿಂ ಪ್ರವಾಸಿಯೊಬ್ಬ ತನ್ನ ನಂಟನ ಕ್ರೌರ್ಯವನ್ನು ಅಸಹ್ಯದಿಂದ ಬರೆದಿಟ್ಟಿದ್ದಾನೆ ಎಂಬುದು ‘ಕವಿಸಮಯ’ದವರಿಗೂ ಉತ್ತರ, ಒಂದು ಧರ್ಮದ ಲೆಕ್ಕಕ್ಕೆ ಎಲ್ಲವನ್ನೂ ಬರೆಯುವವರಿಗೂ ಉತ್ತರ.

ಎಂಟನೆಯ ಸರ್ಗದ ನಂತರ ಕಾವ್ಯ ಮತ್ತೆ ಸಪ್ಪೆಯಾಗುತ್ತದೆ. ಆ ಹೆಂಗಸು ದಿವ್ಯ ಖಡ್ಗ ಕೊಡುತ್ತಾಳೆ, ಯುದ್ಧವಾಗುತ್ತದೆ, ಕಂಪಣ ಸುಲ್ತಾನನನ್ನು ದ್ವಂದ್ವದಲ್ಲಿ ಕೊಲ್ಲುತ್ತಾನೆ. ಎರಡು ಶತ್ರುಗಳು, ಎರಡು ದ್ವಂದ್ವಗಳು. ನನಗೆ ಅನುಮಾನ ಹುಟ್ಟಿದ್ದು ಈ ಹೊಂದಿಕೆಯಿಂದಲೇ. ಆಗ ಕಲ್ಲುಗಳ ಕಡೆ ನೋಡಬೇಕು.

ರಾಜಗಂಭೀರ ಮಲೆಯನ್ನು ಹಿಡಿದವನು ಗಂಡರಗೂಳಿ ಮಾರಯನಾಯಕ ಎಂದು ತಮಿಳುನಾಡಿನ ಶಾಸನ ಹೇಳುತ್ತದೆ. ಶಂಬುವರಾಯನನ್ನು ಸೆರೆಹಿಡಿದದ್ದೂ ಅವನೇ. ಆಮೇಲೆ ಶಂಬುವರಾಯರಿಗೆ ಅವರ ನಾಡನ್ನೇ ಮರಳಿ ಕೊಟ್ಟು ಅಧೀನರನ್ನಾಗಿ ಇಟ್ಟುಕೊಂಡಂತಿದೆ, ಏಕೆಂದರೆ ಕಂಪಣನ ದಂಡಿನಲ್ಲಿದ್ದ ಸಾಳುವ ಮಂಗಿಗೆ ಶಂಬುವರಾಯನನ್ನು ಸ್ಥಾಪಿಸಿದವನು ಎಂಬ ಬಿರುದೇ ಇದೆ. ಮುಂದೆ ಅವನ ವಂಶದ ಸಾಳುವ ನರಸಿಂಹನಿಗೆ ಅರ್ಪಿಸಿದ ಪಿಲ್ಲಲಮರ್ರಿ ಪಿನವೀರಭದ್ರನ ತೆಲುಗು ‘ಜೈಮಿನಿ ಭಾರತಮು’ ಅದನ್ನು ಹೆಮ್ಮೆಯಿಂದ ನೆನೆಯುತ್ತದೆ. ರಾಣಿಯ ಕಾವ್ಯದಲ್ಲಿ ಸತ್ತ ಚಂಪನ ಮನೆತನ ಸೇನಾಪತಿಯ ಬಿರುದಿನಲ್ಲಿ ಬದುಕಿ ಕಪ್ಪ ಕಟ್ಟುತ್ತದೆ.

ಶ್ರೀರಂಗದ ಶಾಸನ ಶಕ 1293ರದು, ಅಂದರೆ 1371. ತಿರುಪತಿ ಬೆಟ್ಟದ ಕಡೆ ಅಡಗಿಸಿಟ್ಟಿದ್ದ ರಂಗನಾಥನ ಮೂರ್ತಿಯನ್ನು ಮೊದಲು ಸೆಂಜಿಗೆ ತಂದು, ತುರುಷ್ಕರನ್ನು ಗೆದ್ದು, ಶ್ರೀರಂಗದಲ್ಲಿ ಮತ್ತೆ ನೆಲೆಗೊಳಿಸಿದವನು ಗೋಪಣಾರ್ಯ ಎಂದು ಅದು ಹೇಳುತ್ತದೆ. ಇಟ್ಟಿಗೆ ಉದುರುತ್ತಿದ್ದ ಅದೇ ಗುಡಿ. ಅಲ್ಲಿನ ಪದ್ಯಗಳಲ್ಲಿ ಕಂಪಣನ ಹೆಸರಿಲ್ಲ, ಅವನ ಮಂತ್ರಿಯ ಹೆಸರಿದೆ. ರಾಮನಾಡಿನ ತಿರುಕ್ಕಳಾಕ್ಕುಡಿಯ ಶಾಸನದಲ್ಲಿ ಕಂಪಣ್ಣ ಒಡೆಯರ ಹೆಸರು ಇದೆ. ಅಲ್ಲಿ ಅವನು ತುಲುಕ್ಕರನ್ನು ಓಡಿಸಿದವನು, ಜೊತೆಗೆ ಗುಡಿಗಳ ಪೂಜೆ ಮತ್ತು ಉಸ್ತುವಾರಿಗೆ ನಾಯಕರನ್ನು ನೇಮಿಸಿದವನು.

ನನಗೆ ಹೆಚ್ಚು ಇಷ್ಟವಾದದ್ದು ಕಾಂಚಿಯ ಕೈಲಾಸನಾಥ ಗುಡಿಯ ಶಾಸನ, ಶಕ 1286ರದು. ಅಲ್ಲಿ ಪೂಜೆ ನಿಂತುಹೋಗಿತ್ತು. ನಿಲ್ಲಿಸಿದ್ದು ತುರುಷ್ಕರಲ್ಲ. ಕುಲೋತ್ತುಂಗ ಚೋಳನ ಕಾಲದಲ್ಲಿ ಗುಡಿಯ ಬಾಗಿಲು ಹಾಕಿ, ಜಮೀನು ಮಾರಿ, ಸುತ್ತಲ ಜಾಗವನ್ನು ಪಕ್ಕದ ಇನ್ನೊಂದು ಗುಡಿಗೆ ವಹಿಸಿಬಿಟ್ಟಿದ್ದರು. ಕಂಪಣನ ಆಳ್ವಿಕೆಯಲ್ಲಿ ಅಧಿಕಾರಿ ಕೊಪ್ಪಣಂಗಳ್, ಈ ಗೋಪಣನೇ ಇರಬೇಕೆನ್ನುತ್ತಾರೆ, ಅದನ್ನೆಲ್ಲ ವಿಚಾರಿಸಿ ಆಸ್ತಿ ಹಿಂದಿರುಗಿಸುವ ಆಜ್ಞೆ ಹೊರಡಿಸಿದ. ಪಲ್ಲವರು ಕಟ್ಟಿದ್ದನ್ನು ಚೋಳರು ಮುಚ್ಚಿದ್ದರು. ಮುಳುವಾಯಿಯಿಂದ ಬಂದವರು ಹಳೆಯ ಪತ್ರ ತೆಗೆದು ನೋಡಿ ತೆರೆದರು. ಮಹಾಕಾವ್ಯಕ್ಕೆ ಇಂಥ ವಸ್ತು ದಕ್ಕುವುದಿಲ್ಲ. ದಾನವಿರೋಧದ ಫೈಲು ಬಿಚ್ಚಿ ಕೂತ ಅರಸನ ಮೇಲೆ ಯಾರು ಶ್ಲೋಕ ಕಟ್ಟುತ್ತಾರೆ? ಆದರೆ ಆಳ್ವಿಕೆ ಎಂಬುದು ಬಹುಪಾಲು ಈ ಕೆಲಸವೇ. ಕಂಪಣನ ಮಹಾಪ್ರಧಾನಿ ಸೋಮಪ್ಪ, ಗೋಪಣ, ಮಂಗಿ, ಮಾರಯನಾಯಕ, ಇವರನ್ನೆಲ್ಲ ಒಟ್ಟಿಗೆ ನೋಡಿದರೆ ಒಬ್ಬ ಬೇರೆ ದೊರೆ ಕಾಣುತ್ತಾನೆ. ಸ್ವಂತ ಕೈಯಿಂದ ಎರಡು ತಲೆ ಕಡಿದವನಲ್ಲ. ಕೆಲಸ ಬಲ್ಲವರನ್ನು ಆರಿಸಿ, ಅವರು ತಮ್ಮ ಹೆಸರಿನಲ್ಲೇ ಕಲ್ಲು ಕೆತ್ತಿಸಿಕೊಂಡರೂ ಸುಮ್ಮನಿದ್ದವನು. ಆ ಕಾಲದ ಅರಸರಲ್ಲಿ ಇದು ಸಣ್ಣ ಗುಣವಲ್ಲ.

ಕೊನೆಯ ದ್ವಂದ್ವಕ್ಕೂ ಒಂದು ತೊಡಕಿದೆ. ಮಧುರೆಯ ಸುಲ್ತಾನರ ನಾಣ್ಯಗಳು 1377-78ರವರೆಗೂ ಸಿಗುತ್ತವೆ. ಅಷ್ಟರಲ್ಲಿ ಕಂಪಣ ಸತ್ತು ಮೂರು ನಾಲ್ಕು ವರ್ಷ. ಸುಲ್ತಾನರ ನಾಡು ಕೈತಪ್ಪಿತ್ತು, ಅಧಿಕಾರ ಮುರಿದಿತ್ತು, ಆದರೂ ಎಲ್ಲೋ ಒಂದು ಮೂಲೆಯಲ್ಲಿ ಟಂಕಸಾಲೆ ನಡೆಯುತ್ತಲೇ ಇತ್ತು. ಕಾವ್ಯಕ್ಕೆ ಒಂದು ಏಟಿನ ಮುಕ್ತಾಯ ಬೇಕಿತ್ತು. ನಿಜವಾಗಿ ನಡೆದದ್ದು ನಿಧಾನವಾಗಿ ಕರಗಿದ್ದು.

ಇಗೊರನ ಕಥೆಯಲ್ಲೂ ಹೀಗೇ ಎರಡು ದಾಖಲೆಗಳಿವೆ. ಕಾವ್ಯದಲ್ಲಿ ಪೊಲೊವ್ತ್ಸಿಗಳು ಕತ್ತಲೆಯಿಂದ ಬಂದ ಪಾಷಂಡಿಗಳು. ಅದೇ ಘಟನೆಯನ್ನು ಹೇಳುವ ವೃತ್ತಾಂತದಲ್ಲಿ, ಸೋತ ಇಗೊರ್ ತಾನೇ ಹಿಂದೆ ಕ್ರೈಸ್ತರದೇ ಒಂದು ಊರನ್ನು ಕೊಳ್ಳೆಹೊಡೆದು ಜನರನ್ನು ಕೊಂದದ್ದನ್ನು ನೆನೆದು, ಅದರ ಫಲವಿದು ಎಂದು ಹಲುಬುತ್ತಾನೆ. ಅವನ ಮಗ ವ್ಲಾದಿಮಿರ್ ಸೆರೆಯಲ್ಲೇ ಶತ್ರು ನಾಯಕ ಕೊಂಚಾಕನ ಮಗಳನ್ನು ಮದುವೆಯಾಗಿ ಊರಿಗೆ ಮರಳಿದ. ಕಾವ್ಯವನ್ನು ಇದು ಸಣ್ಣದು ಮಾಡುವುದಿಲ್ಲ. ಯಾರೊಸ್ಲಾವ್ನಾಳ ಅಳು ಹಾಗೇ ಇದೆ, ಅದರ ಹಿಂದೆ ನಿಂತ ನಾಡು ಮಾತ್ರ ಹೆಚ್ಚು ಜಟಿಲವಾಗಿ ಕಾಣುತ್ತದೆ. ‘ಮಧುರಾ ವಿಜಯಂ’ ಅನ್ನು ಶಾಸನಗಳ ಪಕ್ಕ ಇಟ್ಟಾಗಲೂ ಎಂಟನೆಯ ಸರ್ಗಕ್ಕೆ ಏನೂ ಊನವಾಗುವುದಿಲ್ಲ. ಬಿದ್ದುಹೋಗುವುದು ದ್ವಂದ್ವಗಳು, ಅವು ಹೇಗೂ ಕಾವ್ಯದ ದುರ್ಬಲ ಭಾಗ.

ಇನ್ನೊಂದು ಮಾತು ಗಡಿಯವನಾಗಿ ಹೇಳಬೇಕು. ಮೊದಲ ಸರ್ಗದಲ್ಲಿ ಗಂಗಾದೇವಿ ಪೂರ್ವಕವಿಗಳನ್ನು ನೆನೆಯುತ್ತಾಳೆ. ವಾಲ್ಮೀಕಿ, ವ್ಯಾಸ, ಕಾಳಿದಾಸ, ಬಾಣ, ಭಾರವಿ, ದಂಡಿ, ಭವಭೂತಿ. ಆ ಸಾಲಿನಲ್ಲಿ ತಿಕ್ಕಯ ಬರುತ್ತಾನೆ, ತೆಲುಗು ಮಹಾಭಾರತದ ತಿಕ್ಕನ. ದೇಶಭಾಷೆಯ ಕವಿಯೊಬ್ಬನನ್ನು ಸಂಸ್ಕೃತದ ಆ ಪಂಕ್ತಿಯಲ್ಲಿ ಕೂರಿಸುವ ಧೈರ್ಯ ಅವಳಿಗಿತ್ತು. ಪಂಪನಿಲ್ಲ, ರನ್ನನಿಲ್ಲ. ಕರ್ನಾಟದ ರಾಣಿ ಕನ್ನಡ ಕವಿಯನ್ನು ನೆನೆಯಲಿಲ್ಲವಲ್ಲ ಎಂದು ಕೋಲಾರದ ಕಡೆಯ ಗೆಳೆಯರೊಬ್ಬರು ಮುನಿಸಿಕೊಂಡಿದ್ದರು. ನನಗೇನೂ ಮುನಿಸಿಲ್ಲ. ಅವಳ ಮನೆಮಾತು ತೆಲುಗೇ ಇದ್ದಿರಬಹುದು. ಮನೆಯಲ್ಲೊಂದು ಬರಹದಲ್ಲೊಂದು ಭಾಷೆ ಇಟ್ಟುಕೊಳ್ಳುವುದು ಇಲ್ಲಿ ಹೊಸದೇ? ಹದಿನೈದನೆಯ ಶತಮಾನದಲ್ಲಿ ಇದೇ ಮುಳುವಾಯಿ ರಾಜ್ಯವನ್ನು ಆಳಿದ ಲಕ್ಕಣ್ಣ ದಂಡೇಶ ‘ಶಿವತತ್ತ್ವ ಚಿಂತಾಮಣಿ’ಯನ್ನು ಕನ್ನಡದಲ್ಲಿ ಬರೆದು ಬಾಕಿ ತೀರಿಸಿದ್ದಾನೆ ಎಂದು ಆ ಗೆಳೆಯರಿಗೆ ಸಮಾಧಾನ ಹೇಳಿದೆ.

ಮುಳಬಾಗಿಲಿನಲ್ಲಿ ಈಗ ಆಂಜನೇಯನ ಗುಡಿ ಇದೆ, ಶ್ರೀಪಾದರಾಜರ ನರಸಿಂಹತೀರ್ಥ ಇದೆ, ಹೈದರ್ ವಲಿಯ ದರ್ಗಾ ಇದೆ. ಕಂಪಣನನ್ನು ನೋಡಲು ಹೋದವರಿಗೆ ತೋರಿಸುವಂಥ ಅರಮನೆಯೇನಿಲ್ಲ. ಓದಲು ಹೊರಟ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟು. ಕಾವ್ಯವನ್ನು ಮೊದಲಿನಿಂದ ಹಿಡಿಯಬೇಡಿ, ಎಂಟನೆಯ ಸರ್ಗದಿಂದ ಶುರುಮಾಡಿ, ಆಮೇಲೆ ಏಳಕ್ಕೆ ಹಿಂದಿರುಗಿ ಆ ಚಂದ್ರೋದಯ ಓದಿ. ಅದಾದಮೇಲೆ ಬಿ. ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ, ಕೋಲಾರ ಜಿಲ್ಲೆಯದು, ತೆಗೆದು ಕೂತುಕೊಳ್ಳಿ. ಕೆರೆ, ಗದ್ದೆ, ಕೊಡಗೆ, ಸುಂಕ, ಮಾನ್ಯ ಎಂದು ಪುಟಗಟ್ಟಲೆ ಇರುತ್ತದೆ, ಬೇಸರವಾಗುತ್ತದೆ. ಕಂಪಣ್ಣ ಒಡೆಯರ ಹೆಸರು ಅಂಥ ಸಾಲುಗಳ ನಡುವೆಯೇ ಸಿಗುವುದು.